ಶಾಲೆಗೆ ಮಕ್ಕಳ ಬಟ್ಟೆ: ನಿಯಮ ಓದುವುದರಿಂದ ಹೆಸರು ಬರೆಯುವವರೆಗೆ

ಮಗುವಿನ ಶಾಲಾ ಬಟ್ಟೆ ಸರಿಯಿದೆಯೇ ಎಂದು ನೋಡಲು ಕನ್ನಡಿ ಸಾಲದು. ಕನ್ನಡಿಯ ಮುಂದೆ ಮಗು ಒಂದು ನಿಮಿಷ ನೆಟ್ಟಗೆ ನಿಲ್ಲುತ್ತದೆ. ಶಾಲೆಯಲ್ಲಿ ಆರೇಳು ಗಂಟೆ ಕೂರುತ್ತದೆ, ಬಗ್ಗುತ್ತದೆ, ಓಡುತ್ತದೆ, ಕೈಯೆತ್ತಿ ಉತ್ತರ ಹೇಳುತ್ತದೆ, ಅವಸರದಲ್ಲಿ ಶೌಚಾಲಯಕ್ಕೆ ಓಡುತ್ತದೆ. ಅಷ್ಟು ಹೊತ್ತೂ ಬಟ್ಟೆಯ ನೆನಪೇ ಬಾರದಿದ್ದರೆ ಅದು ಆ ಮಗುವಿಗೆ ತಕ್ಕ ಬಟ್ಟೆ. ಕತ್ತಿಗೆ ಚುಚ್ಚುವ ಲೇಬಲ್, ಜಾರುವ ಸೊಂಟ, ಕೂತರೆ ಮೇಲೇರುವ ಸ್ಕರ್ಟ್, ಬಿಚ್ಚಲು ಬಾರದ ಬೆಲ್ಟ್ ಇವುಗಳಲ್ಲಿ ಒಂದಿದ್ದರೂ ಗಮನದ ಒಂದು ಪಾಲು ದಿನವಿಡೀ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಸಭ್ಯತೆ, ಅಂದ, ಬಾಳಿಕೆ ಎಲ್ಲವನ್ನೂ ನೋಡೋಣ, ಆದರೆ ಈ ಅಳತೆಗೋಲನ್ನು ಮುಂದಿಟ್ಟುಕೊಂಡು.

ಮೊದಲು ನಿಯಮ, ಆಮೇಲೆ ಅಂಗಡಿ

ಶಾಲೆ ಕೊಟ್ಟ ನಿಯಮದ ಹಾಳೆಯನ್ನು ಪೆನ್ಸಿಲ್ ಹಿಡಿದು ಓದಿ. ಪ್ರತಿ ಸಾಲಿನ ಪಕ್ಕದಲ್ಲೂ ‘ಕಡ್ಡಾಯ’, ‘ಬೇಡ’, ‘ಸ್ಪಷ್ಟವಿಲ್ಲ’ ಎಂದು ಮೂರರಲ್ಲೊಂದು ಗುರುತು ಹಾಕಿ. ತಾಪತ್ರಯ ಹುಟ್ಟುವುದು ಮೂರನೆಯ ಗುಂಪಿನಿಂದ. ‘ಕಪ್ಪು ಶೂ’ ಎಂದಿದ್ದರೆ ಕಪ್ಪು ಬಣ್ಣದ ಕ್ರೀಡಾ ಶೂ ನಡೆಯುತ್ತದೆಯೇ, ಅದರ ಅಟ್ಟೆ ಬಿಳಿಯಿದ್ದರೆ? ‘ಮಂಡಿಯವರೆಗೆ’ ಎಂದರೆ ನಿಂತಾಗಲೋ ಕೂತಾಗಲೋ? ತರಗತಿಯೊಳಗೆ ಸ್ವೆಟರ್ ಹಾಕಿಕೊಂಡಿರಬಹುದೇ? ಆಟದ ದಿನ ಆಟದ ಬಟ್ಟೆಯಲ್ಲೇ ಮನೆಯಿಂದ ಹೊರಡಬೇಕೋ, ಅಲ್ಲಿ ಹೋಗಿ ಬದಲಿಸಬೇಕೋ? ಇವನ್ನೆಲ್ಲ ಒಂದೇ ಪತ್ರದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅಲ್ಲಿಯವರೆಗೆ ಹೊಸ ಬಟ್ಟೆಯ ಟ್ಯಾಗ್ ಕತ್ತರಿಸಬೇಡಿ, ಒಗೆಯಲೂ ಬೇಡಿ. ಒಗೆದದ್ದನ್ನು ವಾಪಸು ಕೊಡುವುದು ಕಷ್ಟ.

ನಂಬಿಕೆಯ ಕಾರಣಕ್ಕೋ ಆರೋಗ್ಯದ ಕಾರಣಕ್ಕೋ ಮಗುವಿಗೆ ಬೇರೆ ಉಡುಪು ಬೇಕಿದ್ದರೆ ಶಾಲೆ ಶುರುವಾಗುವ ಮೊದಲೇ ಬರೆದು ತಿಳಿಸಿ. ಏನು ಬೇಕು, ಯಾವ ಬಣ್ಣದ್ದು, ಆಟದ ಹೊತ್ತಿನಲ್ಲಿ ಅದನ್ನು ಹೇಗೆ ಹೊಂದಿಸುತ್ತೀರಿ ಎಂಬ ಮೂರೂ ಪತ್ರದಲ್ಲಿರಲಿ. ತಲೆಗೆ ಹೊದಿಕೆಯಿದ್ದರೆ ಆಟಕ್ಕೆ ಪಿನ್ ಬೇಡದ, ಟೋಪಿಯಂತೆ ಎಳೆದು ತೊಡುವ ಬಗೆ ಸುರಕ್ಷಿತ. ಈ ಮಾತುಕತೆ ದೊಡ್ಡವರ ನಡುವೆ ಮುಗಿಯಬೇಕು. ಗೇಟಿನ ಬಳಿ ನಿಂತು ವಾದ ಮಾಡುವ ಹೊರೆ ಮಗುವಿನ ತಲೆಯ ಮೇಲೆ ಬೀಳಬಾರದು.

ಸಮವಸ್ತ್ರವೇ ಇಲ್ಲದ ಶಾಲೆಯಾದರೆ ನಿಯಮ ಮಾಡುವ ಕೆಲಸ ಮನೆಯದು. ನಾಲ್ಕು ಪ್ರಶ್ನೆ ಸಾಕು. ನಿಂತರೆ, ಕೂತರೆ, ಬಗ್ಗಿದರೆ ಒಳಉಡುಪು ಕಾಣುತ್ತದೆಯೇ? ಅಂಗಿಯ ಮೇಲಿನ ಬರಹವನ್ನು ಶಿಕ್ಷಕರ ಮುಂದೆ ಜೋರಾಗಿ ಓದಲು ಸಂಕೋಚವಾಗುತ್ತದೆಯೇ? ಈ ಬಟ್ಟೆ ಕೊಳೆಯಾದರೆ, ಹರಿದರೆ ಮನೆಯಲ್ಲಿ ಬೈಗುಳ ಬೀಳುತ್ತದೆಯೇ? ಇವತ್ತಿನ ಹವೆಗೆ ಹೊಂದುತ್ತದೆಯೇ? ಮೂರನೆಯದನ್ನು ಮರೆಯುವವರೇ ಹೆಚ್ಚು. ಕೊಳೆಯಾದೀತೆಂಬ ಹೆದರಿಕೆಯಿಂದ ಬಣ್ಣದ ಕುಂಚ ಮುಟ್ಟದ, ಮಣ್ಣಿಗಿಳಿಯದ ಮಗು ಒಳ್ಳೆಯ ಬಟ್ಟೆಗಾಗಿ ಒಳ್ಳೆಯ ದಿನ ಕಳೆದುಕೊಳ್ಳುತ್ತದೆ. ಇನ್ನು, ಹುಡುಗರಿಗೊಂದು ಪ್ರಶ್ನೆ ಹುಡುಗಿಯರಿಗೊಂದು ಪ್ರಶ್ನೆ ಬೇಡ. ನಾಲ್ಕೂ ಇಬ್ಬರಿಗೂ ಇರಲಿ.

ವಯಸ್ಸು ನೋಡಬೇಡಿ, ಟೇಪು ಹಿಡಿಯಿರಿ

ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತ ಮಕ್ಕಳ ಎತ್ತರದಲ್ಲಿ 15 ಸೆಂ.ಮೀ. ವ್ಯತ್ಯಾಸವಿರುವುದು ಸಹಜ. ಹಾಗಾಗಿ ಬಟ್ಟೆಯ ಮೇಲೆ ಅಚ್ಚಾದ ‘7–8 ವರ್ಷ’ ಎಂಬುದು ಬರೀ ಅಂದಾಜು. ಶೂ ಬಿಚ್ಚಿಸಿ ಎತ್ತರ, ಕಂಕುಳ ಕೆಳಗೆ ಎದೆಸುತ್ತು, ಹೊಟ್ಟೆ ಒಳಗೆಳೆದುಕೊಳ್ಳದ ಸೊಂಟ, ತೊಡೆಸಂದಿಯಿಂದ ಪಾದದ ಗಂಟಿನವರೆಗಿನ ಕಾಲಳತೆ, ಮೊಣಕೈ ತುಸು ಮಡಿಸಿದಾಗ ಭುಜದಿಂದ ಮಣಿಕಟ್ಟಿನವರೆಗಿನ ತೋಳು, ಈ ಐದನ್ನು ಬರೆದುಕೊಂಡು ಹೋಗಿ. ನೇಯ್ಗೆ ಬಟ್ಟೆಯ ಶರ್ಟಿನ ಸುತ್ತಳತೆ ಎದೆಸುತ್ತಿಗಿಂತ 8ರಿಂದ 10 ಸೆಂ.ಮೀ. ಹೆಚ್ಚಿದ್ದರೆ ಕೈಯಾಡಿಸಲು ಆರಾಮ. ಹೆಣಿಗೆ ಬಟ್ಟೆಯ ಟೀ ಶರ್ಟ್ ಹಿಗ್ಗುವುದರಿಂದ ಅಷ್ಟು ಬೇಡ.

‘ಬೆಳೆಯುವ ಮಗು, ದೊಡ್ಡದೇ ಇರಲಿ’ ಎಂಬುದು ಅರ್ಧ ಸರಿ. ನಾಲ್ಕು ವರ್ಷದಿಂದ ಪ್ರೌಢತೆ ಶುರುವಾಗುವವರೆಗೆ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಎತ್ತರವಾಗುತ್ತಾರೆ. ಅದರಲ್ಲಿ ಕಾಲಿನ ಪಾಲು ಹೆಚ್ಚುಕಡಿಮೆ ಅರ್ಧ. ಅಂದರೆ ಪ್ಯಾಂಟಿನ ಅಂಚಿನಲ್ಲಿ 5–6 ಸೆಂ.ಮೀ. ಒಳಮಡಿಕೆ ಇದ್ದರೆ ಉದ್ದದ ಲೆಕ್ಕದಲ್ಲಿ ಎರಡು ವರ್ಷ ಸಾಗುತ್ತದೆ. ಆದರೆ ಎರಡು ಸೈಜ್ ದೊಡ್ಡದು ತಂದರೆ ಉದ್ದವಷ್ಟೇ ದೊಡ್ಡದಾಗುವುದಿಲ್ಲ. ಭುಜದ ಹೊಲಿಗೆ ತೋಳಿನ ಮೇಲೆ ಇಳಿಯುತ್ತದೆ, ಕಫ್ ಬೆರಳ ಮೇಲೆ ಬಂದು ಬರೆಯಲು ತೊಡಕಾಗುತ್ತದೆ, ತೊಡೆಸಂದಿಯ ಹೊಲಿಗೆ ಕೆಳಗಿಳಿದು ಮೆಟ್ಟಿಲು ಹತ್ತುವಾಗ ಹಿಡಿಯುತ್ತದೆ. ಆದ್ದರಿಂದ ಭುಜ ಮತ್ತು ಸೊಂಟ ಇವತ್ತಿಗೆ ಸರಿಹೊಂದಬೇಕು, ಉದ್ದ ಮಾತ್ರ ನಾಳೆಗೂ ಇರಬೇಕು. ಸೊಂಟಪಟ್ಟಿಯ ಒಳಗೆ ಗುಂಡಿ ಮತ್ತು ತೂತುಗಳಿರುವ ಎಲಾಸ್ಟಿಕ್ ಇದ್ದರೆ ಆ ಪ್ಯಾಂಟನ್ನೇ ಆರಿಸಿ.

ಅಂಚು ಮಡಿಸುವ ಮೊದಲು ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ 3ರಿಂದ 5 ಶೇಕಡಾ ಕುಗ್ಗಬಹುದು. 70 ಸೆಂ.ಮೀ. ಉದ್ದದ ಪ್ಯಾಂಟಿಗೆ ಅದು 2ರಿಂದ 3.5 ಸೆಂ.ಮೀ., ಒಂದು ವರ್ಷದ ಬೆಳವಣಿಗೆಗೆ ಇಟ್ಟ ಜಾಗ ಪೂರ್ತಿ ಹೋದಂತೆ. ಮಡಿಕೆಯನ್ನು ಯಂತ್ರದಲ್ಲಿ ಹೊಲಿಯದೆ ಕೈಹೊಲಿಗೆಯಲ್ಲಿ ಹಿಡಿಸಿದರೆ ಬಿಚ್ಚುವುದು ಸುಲಭ. ಸೂಜಿತೂತಿನ ಸಾಲೂ ಉಳಿಯುವುದಿಲ್ಲ.

ಮೈಮೇಲೆ ಹಾಕಿಸಿ ನೋಡುವ ಪರೀಕ್ಷೆ

ಮಗುವಿಗೆ ಬಟ್ಟೆ ತೊಡಿಸಿ, ಒಳಉಡುಪು, ಕಾಲ್ಚೀಲ ಸಮೇತ. ಸಾಧ್ಯವಾದರೆ ಶಾಲಾ ಚೀಲವೂ ಬೆನ್ನಿಗಿರಲಿ. ಆಮೇಲೆ ಕ್ರಮವಾಗಿ ಹೀಗೆ ಮಾಡಿಸಿ.

1. ಎರಡೂ ಕೈ ಮೇಲಕ್ಕೆತ್ತಿಸಿ. ಶರ್ಟು ಮೇಲೆದ್ದು ಹೊಟ್ಟೆ ಕಂಡರೆ ಅದರ ಉದ್ದ ಸಾಲದು. ಕಂಕುಳಲ್ಲಿ ಎಳೆದರೆ ಅಗಲ ಸಾಲದು.
2. ಎರಡೂ ಕೈಗಳಿಂದ ತನ್ನನ್ನೇ ತಬ್ಬಿಕೊಳ್ಳಲಿ. ಬೆನ್ನಿನ ಹೊಲಿಗೆ ಬಿಗಿದರೆ ಭುಜದಳತೆ ಚಿಕ್ಕದು.
3. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈಯೂರದೆ ಏಳಲಿ.
4. ಕುಕ್ಕರುಗಾಲಲ್ಲಿ ಕೂತು ಶೂ ದಾರ ಕಟ್ಟುವಂತೆ ಬಗ್ಗಲಿ.
5. ಎರಡು ಮೆಟ್ಟಿಲು ಒಟ್ಟಿಗೆ ಹತ್ತಿ, ಜಿಗಿದು ಇಳಿಯಲಿ.

ನಾಲ್ಕನೆಯದರ ಹೊತ್ತಿಗೆ ಮಗುವಿನ ಹಿಂದೆ ನಿಂತು ನೋಡಿ. ಸೊಂಟದ ಹಿಂಭಾಗ ಬೆನ್ನಿನಿಂದ ದೂರ ಸರಿದು ಬಾಯಿ ಬಿಟ್ಟಂತೆ ನಿಲ್ಲುತ್ತದೆಯೇ, ಅಥವಾ ಎರಡು ಬೆರಳಿನಷ್ಟು ಇಳಿದು ನಿಲ್ಲುತ್ತದೆಯೇ? ಬಾಯಿ ಬಿಟ್ಟರೆ ಸೊಂಟ ಸಡಿಲ, ಎಲಾಸ್ಟಿಕ್ ಬಿಗಿ ಮಾಡಿದರೆ ಸರಿಹೋಗುತ್ತದೆ. ಇಳಿದರೆ ತಪ್ಪು ಸೊಂಟದ್ದಲ್ಲ. ಮುಂದಿನ ಸೊಂಟದಿಂದ ಕಾಲುಗಳ ನಡುವೆ ಹಾದು ಹಿಂದಿನ ಸೊಂಟದವರೆಗಿನ ಉದ್ದವೇ ಕಡಿಮೆ. ಅದನ್ನು ಬೆಲ್ಟ್ ಬಿಗಿದು ಸರಿಪಡಿಸಲಾಗದು. ಬಿಗಿದಷ್ಟೂ ಎಳೆತವೆಲ್ಲ ನಾಲ್ಕು ಹೊಲಿಗೆಗಳು ಕೂಡುವ ತೊಡೆಸಂದಿಯ ಆ ಒಂದು ಬಿಂದುವಿನ ಮೇಲೆ ಬಿದ್ದು, ಮಗು ನೆಲಕ್ಕೆ ಕೂತ ಒಂದು ದಿನ ಅಲ್ಲೇ ಬಿರಿಯುತ್ತದೆ. ಅಂಥ ಪ್ಯಾಂಟನ್ನು ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಸ್ಕರ್ಟಿಗೂ ಇದೇ ಪರೀಕ್ಷೆ. ನಿಂತಾಗಿನ ಉದ್ದ ನೋಡಿ ತೀರ್ಮಾನಿಸಬೇಡಿ, ಕುರ್ಚಿಯಲ್ಲಿ ಕೂತಾಗ ಅದು ಒಂದಷ್ಟು ಮೇಲೇರಿಯೇ ಏರುತ್ತದೆ. ಒಳಗೆ ತೆಳು ಹತ್ತಿಯ ಚಡ್ಡಿ ಹಾಕಿಸಿದರೆ ಹುಡುಗಿ ಕಂಬಿಗೆ ನೇತಾಡಬಹುದು, ಉರುಳಬಹುದು, ಓಡಬಹುದು. ‘ಕಾಲು ಸೇರಿಸಿ ಕೂತ್ಕೋ’ ಎಂದು ನೂರು ಸಲ ಹೇಳುವುದಕ್ಕಿಂತ ಒಂದು ಚಡ್ಡಿ ಕೊಡುವುದು ಮೇಲು.

ಯಾವ ನೂಲು, ಯಾವ ಹವೆಗೆ

ಹತ್ತಿ ಬೆವರು ಹೀರುತ್ತದೆ, ಪಾಲಿಯೆಸ್ಟರ್ ಹೀರುವುದಿಲ್ಲ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಶೇಕಡಾ ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಅರ್ಧ ಶೇಕಡಾ ಕೂಡ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ಬೇಗ ಒಣಗುವುದೂ, ಸೆಕೆಯಲ್ಲಿ ಮೈಗಂಟಿ ಕಿರಿಕಿರಿ ಮಾಡುವುದೂ ಇದೇ ಕಾರಣಕ್ಕೆ. ಸಮವಸ್ತ್ರಗಳಲ್ಲಿ ಹೆಚ್ಚಾಗಿ ಕಾಣುವ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿಯ ಮಿಶ್ರಣ ಬಾಳಿಕೆಗೂ ಇಸ್ತ್ರಿಗೂ ಅನುಕೂಲ, ಬಿರುಬೇಸಿಗೆಗೆ ಅಷ್ಟಕ್ಕಷ್ಟೆ. ಆಯ್ಕೆಯಿದ್ದರೆ ಮೈಗೆ ತಾಗುವ ಶರ್ಟಿಗೆ ಹತ್ತಿ ಹೆಚ್ಚಿರಲಿ, ಪ್ಯಾಂಟು ಸ್ಕರ್ಟುಗಳಿಗೆ ಮಿಶ್ರಣ ಇರಲಿ. ಆಯ್ಕೆಯಿಲ್ಲದಿದ್ದರೆ ಒಳಗೊಂದು ತೆಳು ಹತ್ತಿ ಬನಿಯನ್ ಹಾಕಿಸಿ.

ಬಯಲಲ್ಲಿ ಹೊತ್ತು ಕಳೆಯುವ ಮಕ್ಕಳಿಗೆ ಬಟ್ಟೆಯೇ ಮೊದಲ ನೆರಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ಕೈಬೆರಳು ಎದ್ದು ಕಂಡರೆ ಬಿಸಿಲಿನ ನೇರಳಾತೀತ ಕಿರಣವೂ ಹಾಗೇ ತೂರುತ್ತದೆ. ತೆಳು ಬಿಳಿ ಹತ್ತಿ ಒದ್ದೆಯಾದರೆ ಇನ್ನೂ ಹೆಚ್ಚು. ಲೇಬಲ್ಲಿನಲ್ಲಿ ‘ಯುಪಿಎಫ್ 50’ ಎಂದಿದ್ದರೆ ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಬರುತ್ತದೆ ಎಂದರ್ಥ. ಚಳಿಗೆ ದಪ್ಪನೆಯ ಒಂದಕ್ಕಿಂತ ತೆಳುವಾದ ಎರಡು ಮೂರು ಪದರ ಒಳ್ಳೆಯದು, ಪದರಗಳ ನಡುವಿನ ಗಾಳಿಯೇ ಬೆಚ್ಚಗಿಡುತ್ತದೆ, ತರಗತಿಯೊಳಗೆ ಒಂದನ್ನು ತೆಗೆದಿಡಬಹುದು. ಆ ತೆಗೆಯುವ ಪದರ ಮುಂದೆ ಜಿಪ್ ಇರುವಂಥದ್ದಾಗಿರಲಿ, ತಲೆಯ ಮೂಲಕ ಎಳೆಯುವ ಸ್ವೆಟರನ್ನು ಸಣ್ಣ ಮಕ್ಕಳು ಸೆಕೆಯಾದರೂ ತೆಗೆಯುವುದಿಲ್ಲ. ಮಳೆಗಾಲಕ್ಕೆ ಚೀಲದಲ್ಲಿ ಒಂದು ಜೊತೆ ಒಣ ಕಾಲ್ಚೀಲ ಪ್ಲಾಸ್ಟಿಕ್ ಹೊದಿಕೆಯಲ್ಲಿರಲಿ.

ಯಾವ ಬಟ್ಟೆಯಾದರೂ ಮೊದಲ ಸಲ ತೊಡಿಸುವ ಮುನ್ನ ಒಗೆಯಿರಿ. ಹೆಚ್ಚುವರಿ ಬಣ್ಣ, ಮಡಿಕೆ ಬೀಳದಂತೆ ಹಾಕಿದ ರಾಸಾಯನಿಕದ ಉಳಿಕೆ ಎರಡೂ ಸೂಕ್ಷ್ಮ ಚರ್ಮಕ್ಕೆ ಆಗುವುದಿಲ್ಲ.

ಸಣ್ಣ ಮಕ್ಕಳು: ಒಬ್ಬರೇ ಬಿಚ್ಚಿ ಹಾಕಬಲ್ಲರೇ?

ಏಳು ವರ್ಷದೊಳಗಿನವರಿಗೆ ಇದೇ ಮುಖ್ಯ ಪರೀಕ್ಷೆ. ಹೊಸ ಪ್ಯಾಂಟು ಹಾಕಿಸಿ, ‘ಶೌಚಾಲಯಕ್ಕೆ ಹೋಗಿ ಬಾ’ ಎಂದು ಕಳಿಸಿ, ಸಹಾಯ ಮಾಡದೆ ಗಡಿಯಾರ ನೋಡಿ. ಸೊಂಟ ಬಿಚ್ಚಲು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತರಗತಿಯ ಅವಸರದಲ್ಲಿ ಒದ್ದೆಯಾಗುವ ಸಂಭವವಿದೆ. ಒದ್ದೆಯಾದ ಮಗು ಅನುಭವಿಸುವ ನಾಚಿಕೆ ಸಣ್ಣದಲ್ಲ. ಕೊಕ್ಕೆ, ಗಟ್ಟಿ ಗುಂಡಿ, ಬೆಲ್ಟ್ ಮೂರೂ ಇರುವ ಪ್ಯಾಂಟು ದೊಡ್ಡವರ ಪ್ಯಾಂಟಿನ ನಕಲು, ಐದು ವರ್ಷದ ಬೆರಳಿಗೆ ಹೇಳಿದ್ದಲ್ಲ. ಪೂರ್ತಿ ಎಲಾಸ್ಟಿಕ್ ಸೊಂಟ ಸಾಕು. ಮುಂದೆ ಜಿಪ್ ಇದ್ದಂತೆ ಕಾಣುವ ಹೊಲಿಗೆಯಿದ್ದರೆ ನಿಯಮಕ್ಕೂ ಒಪ್ಪುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ತುಂಡಿನ ಉಡುಪು ಶಾಲೆಗೆ ಬೇಡವೇ ಬೇಡ.

ಶೂ ದಾರ ಕಟ್ಟುವ ಕೈಚಳಕ ಹೆಚ್ಚಿನವರಿಗೆ ಐದರಿಂದ ಏಳು ವರ್ಷದೊಳಗೆ ಬರುತ್ತದೆ. ಬರುವ ತನಕ ವೆಲ್ಕ್ರೋ ಪಟ್ಟಿ. ಕಲಿಸುವುದನ್ನು ರಜೆಯಲ್ಲಿ ಕಲಿಸಿ, ಶಾಲೆಯ ಬೆಳಗಿನಲ್ಲಿ ಬೇಡ.

ಚೀಲದಲ್ಲಿ ಒಂದು ಜೊತೆ ಬದಲಿ ಬಟ್ಟೆ, ಒಳಉಡುಪು, ಒದ್ದೆಯದನ್ನು ತುಂಬಲು ಒಂದು ಚೀಲ ಇಡಿ. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು ಅಳತೆ ನೋಡಿ. ಬೇಕಾದ ದಿನ ತೆರೆದಾಗ ಕಳೆದ ವರ್ಷದ ಸೈಜ್ ಸಿಕ್ಕರೆ ಇಟ್ಟೂ ಪ್ರಯೋಜನವಿಲ್ಲ.

ದಾರ, ಲಾಡಿ, ಸರ: ಇಲ್ಲಿ ರಾಜಿ ಇಲ್ಲ

ಟೋಪಿಯಿರುವ ಜಾಕೆಟ್ಟಿನ ಕತ್ತಿನ ಬಳಿ ಇಳಿಬಿಟ್ಟ ದಾರ, ತುದಿಯಲ್ಲಿ ಗಂಟು ಅಥವಾ ಪ್ಲಾಸ್ಟಿಕ್ ಗುಂಡು. ನೋಡಲು ಏನೂ ಅಲ್ಲ. ಜಾರುಬಂಡೆಯ ಮೇಲ್ತುದಿಯಲ್ಲಿ ಕೂರುವಾಗ ಆ ಗಂಟು ಕಂಬಿ ಮತ್ತು ಹಲಗೆಯ ನಡುವಿನ ಕಿರುಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಜಾರುತ್ತದೆ, ದಾರ ಅಲ್ಲೇ ಉಳಿಯುತ್ತದೆ, ಮೈಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಸೊಂಟದ ಉದ್ದ ದಾರಗಳು ಬಸ್ಸಿನ ಬಾಗಿಲಿನಲ್ಲಿ ಸಿಕ್ಕಿ ಮಗುವನ್ನು ಎಳೆದೊಯ್ದದ್ದೂ ಇದೆ. ಇಂಥ ಸಾವುಗಳ ನಂತರವೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಮಾರ್ಗಸೂಚಿ ಹೊರಡಿಸಿತು: ಮಕ್ಕಳ ಮೇಲುಡುಪಿನ ಟೋಪಿ ಮತ್ತು ಕತ್ತಿನಲ್ಲಿ ಎಳೆದಾರ ಇರಬಾರದು, ಸೊಂಟದ ದಾರ ಬಟ್ಟೆಯನ್ನು ಪೂರ್ತಿ ಅಗಲಿಸಿದಾಗ 75 ಮಿ.ಮೀ.ಗಿಂತ ಹೆಚ್ಚು ಹೊರಚಾಚಬಾರದು, ತುದಿಯಲ್ಲಿ ಗಂಟು, ಗುಂಡು ಬೇಡ, ನಡುವೆ ಹೊಲಿಗೆ ಹಾಕಿ ಬಿಗಿದಿರಬೇಕು.

ಮನೆಯಲ್ಲಿರುವ ಪ್ರತಿ ಜಾಕೆಟ್ಟನ್ನೂ ಇವತ್ತೇ ತೆಗೆದು ನೋಡಿ. ಕತ್ತಿನ ದಾರವನ್ನು ಪೂರ್ತಿ ಎಳೆದು ತೆಗೆದುಬಿಡಿ, ಮೋಟು ಮಾಡಿ ಬಿಡಬೇಡಿ. ಸ್ಕಾರ್ಫ್ ಬದಲು ಕತ್ತಿಗೆ ಎಳೆದು ಹಾಕುವ ಉಣ್ಣೆಯ ಪಟ್ಟಿ. ಆಟದ ದಿನ ಸರ, ಜೋತಾಡುವ ಕಿವಿಯೋಲೆ, ಬಳೆ ಬೇಡ. ದೊಡ್ಡ ತರಗತಿಯವರಿಗೆ ಪ್ರಯೋಗಶಾಲೆಯ ದಿನ ಅಗಲ ತೋಳು ಬೇಡ, ಕೂದಲು ಕಟ್ಟಿರಲಿ, ಪಾದ ಪೂರ್ತಿ ಮುಚ್ಚುವ ಶೂ ಇರಲಿ. ಜ್ವಾಲೆಯ ಹತ್ತಿರ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ, ಆ ದಿನಕ್ಕೆ ಹತ್ತಿಯೇ ವಾಸಿ.

ಶೂ

ಪಾದ ಸಂಜೆಯ ಹೊತ್ತಿಗೆ ತುಸು ಹಿಗ್ಗಿರುತ್ತದೆ, ಸಂಜೆಯೇ ಅಳೆಯಿರಿ. ಶಾಲೆಯ ಕಾಲ್ಚೀಲ ಹಾಕಿ, ಕಾಗದದ ಮೇಲೆ ಎರಡೂ ಕಾಲಿಗೆ ಸಮಭಾರ ಕೊಟ್ಟು ನಿಲ್ಲಿಸಿ. ಕೂತು ಅಳೆದರೆ ಅಳತೆ ಕಡಿಮೆ ಬರುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಗೆರೆ ಎಳೆಯಿರಿ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ ಅಳೆಯಿರಿ, ಅದು ಹೆಬ್ಬೆರಳೇ ಆಗಿರಬೇಕೆಂದಿಲ್ಲ. ಎರಡು ಪಾದಗಳಲ್ಲಿ ದೊಡ್ಡದರ ಅಳತೆಗೆ 10–12 ಮಿ.ಮೀ. ಸೇರಿಸಿದರೆ ಬೇಕಾದ ಒಳ ಉದ್ದ.

ಅಂಗಡಿಯಲ್ಲಿ ಶೂ ಮೂತಿ ಒತ್ತಿ ನೋಡುವುದು ಎಲ್ಲರೂ ಮಾಡುವ, ಮೋಸ ಹೋಗುವ ಪರೀಕ್ಷೆ. ಒತ್ತುತ್ತಿದ್ದಂತೆ ಮಗು ಬೆರಳು ಮಡಿಸಿಕೊಳ್ಳುತ್ತದೆ, ಜಾಗ ಇದ್ದಂತೆ ತೋರುತ್ತದೆ. ಅದರ ಬದಲು ಒಳಗಿನ ಮೆತ್ತೆಯನ್ನು ಹೊರತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿ. ಬೆರಳ ಮುಂದೆ ನಿಮ್ಮ ಕೈಹೆಬ್ಬೆರಳಿನ ಅರ್ಧ ಅಗಲಕ್ಕಿಂತ ಹೆಚ್ಚು ಖಾಲಿ ಇರಬೇಕು, ಪಾದದ ಬದಿ ಮೆತ್ತೆಯಿಂದ ಹೊರಚಾಚಬಾರದು. ಆಮೇಲೆ ಶೂವನ್ನು ಎರಡೂ ತುದಿ ಹಿಡಿದು ಬಗ್ಗಿಸಿ: ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಟ್ಟನಡುವೆ ಮಡಚಿಕೊಂಡರೆ ಬೇಡ. ಆರು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ, ಆಮೇಲೆ ನಾಲ್ಕಾರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅಣ್ಣ ಅಕ್ಕಂದಿರ ಬಟ್ಟೆ ತಮ್ಮ ತಂಗಿಗೆ ಧಾರಾಳವಾಗಿ ಬರಲಿ, ಸವೆದ ಶೂ ಮಾತ್ರ ಬೇಡ. ಅದರ ಒಳಗು ಇನ್ನೊಬ್ಬರ ಪಾದದ ಆಕಾರಕ್ಕೆ ಕುಳಿತಿರುತ್ತದೆ.

‘ಚುಚ್ತಿದೆ’ ಎಂದರೆ ನಂಬಿ

ಕೆಲವು ಮಕ್ಕಳಿಗೆ ಕಾಲ್ಚೀಲದ ಬೆರಳ ಬಳಿಯ ಹೊಲಿಗೆಯೇ ಸಹಿಸದು. ಅದು ಹಟವಲ್ಲ. ಕಾಲ್ಚೀಲವನ್ನು ತಿರುವಿ ಹಾಕಿಸಿ ನೋಡಿ, ಹೊಲಿಗೆಯಿಲ್ಲದ ಬಗೆಯೂ ಸಿಗುತ್ತದೆ. ಕತ್ತಿನ ಲೇಬಲ್ಲನ್ನು ಕತ್ತರಿಸಿದರೆ ಉಳಿದ ಗಟ್ಟಿ ಅಂಚು ಇನ್ನಷ್ಟು ಚುಚ್ಚುತ್ತದೆ, ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯಿರಿ. ಹೊಕ್ಕುಳ ಕೆಳಗೆ ದುಂಡಗೆ ತುರಿಕೆಯ ಕೆಂಪು ಎದ್ದರೆ ಪ್ಯಾಂಟಿನ ಲೋಹದ ಗುಂಡಿ ಅಥವಾ ಬೆಲ್ಟಿನ ಬಕಲ್ ನೋಡಿ, ಅದರಲ್ಲಿನ ನಿಕಲ್ ಕಾರಣವಿರಬಹುದು. ಗುಂಡಿ ಬದಲಿಸಿ ಪ್ಲಾಸ್ಟಿಕ್ಕಿನದು ಹಾಕಿ, ತುರಿಕೆ ಉಳಿದರೆ ವೈದ್ಯರಿಗೆ ತೋರಿಸಿ.

ಬೆಳೆದ ಮಕ್ಕಳ ಜೊತೆ

ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದ ನಡುವೆ ಮೈ ಬದಲಾಗತೊಡಗುತ್ತದೆ. ಕಳೆದ ತಿಂಗಳು ಸರಿಯಿದ್ದ ಶರ್ಟು ಎದೆಯಲ್ಲಿ ಬಿಗಿಯುತ್ತದೆ, ಗುಂಡಿಗಳ ನಡುವೆ ಬಾಯಿಬಿಡುತ್ತದೆ. ಮಗು ಬಾಯಿಬಿಟ್ಟು ಹೇಳದೆ ಸೆಕೆಯಲ್ಲೂ ಸ್ವೆಟರ್ ತೆಗೆಯದಿದ್ದರೆ, ಭುಜ ಕುಗ್ಗಿಸಿ ನಡೆದರೆ, ಬಟ್ಟೆಯ ಕಡೆ ನೋಡಿ. ಬಿಳಿ ಶರ್ಟಿನ ಒಳಗೆ ಬಿಳಿ ಒಳಉಡುಪು ಎದ್ದು ಕಾಣುತ್ತದೆ, ಚರ್ಮದ ಬಣ್ಣಕ್ಕೆ ಹತ್ತಿರದ್ದು ಕಾಣುವುದಿಲ್ಲ. ಮೊದಲ ಮುಟ್ಟಿಗೆ ಕಾಯದೆ ಒಂದು ಸಣ್ಣ ಜಿಪ್ ಚೀಲದಲ್ಲಿ ಎರಡು ಪ್ಯಾಡ್, ಒಂದು ಒಳಉಡುಪು, ಖಾಲಿ ಕವರ್ ಇಟ್ಟುಕೊಡಿ. ಕೆಳಉಡುಪಿನ ಬಣ್ಣ ಬಿಳಿಯೆಂದು ಶಾಲೆ ಹೇಳಿದ್ದರೆ ಕಡುಬಣ್ಣಕ್ಕೆ ಬದಲಿಸಲು ಪೋಷಕರು ಒಟ್ಟಾಗಿ ಕೇಳುವುದು ನ್ಯಾಯವಾದ ಬೇಡಿಕೆ. ರಕ್ತದ ಕಲೆಗೆ ತಣ್ಣೀರೇ ಬಳಸಿ, ಬಿಸಿನೀರು ಹಾಕಿದರೆ ಕಲೆ ಕೂರುತ್ತದೆ.

ಈ ವಯಸ್ಸಿನಲ್ಲಿ ವಾದ ಬರುತ್ತದೆ. ನಿಯಮ, ಸುರಕ್ಷತೆ, ಹವೆ ಈ ಮೂರರಲ್ಲಿ ನಿಮ್ಮ ಮಾತು ನಡೆಯಲಿ. ಬಣ್ಣ, ಮಾದರಿ, ತೋಳು ಮಡಿಸುವುದು, ಕಾಲ್ಚೀಲದ ಚಿತ್ರ ಅವರದಾಗಿರಲಿ. ಬೇಡವೆನ್ನುವಾಗ ಕಾರಣವನ್ನು ಬಟ್ಟೆಯ ಮೇಲಿಡಿ, ಮೈಮೇಲಲ್ಲ: ‘ಇದು ಬಗ್ಗಿದರೆ ಮೇಲೇರುತ್ತೆ’ ಎನ್ನಬಹುದು, ‘ನಿನ್ನ ಮೈಗೆ ಇದು ಚೆನ್ನಾಗಿರಲ್ಲ’ ಎಂದದ್ದು ವರ್ಷಗಟ್ಟಲೆ ಉಳಿಯುತ್ತದೆ. ‘ಜನ ನೋಡ್ತಾರೆ’ ಎಂಬುದೂ ಬೇಡ. ನೋಡುವವರ ತಪ್ಪನ್ನು ಅದು ಮಗುವಿನ ತಲೆಗೆ ಕಟ್ಟುತ್ತದೆ.

ಎಷ್ಟು ಜೊತೆ, ಹೆಸರು ಎಲ್ಲಿ

ಒಗೆತದ ಲೆಕ್ಕ ಹಿಡಿಯಿರಿ. ವಾರಕ್ಕೆ ಎರಡು ಸಲ ಒಗೆಯುವ ಮನೆಯಲ್ಲಿ ಎರಡು ಒಗೆತಗಳ ನಡುವೆ ಹೆಚ್ಚೆಂದರೆ 3 ಶಾಲಾ ದಿನ, ಒಣಗಲು 1, ಆಪತ್ತಿಗೆ 1, ಒಟ್ಟು 5 ಶರ್ಟ್. ಪ್ಯಾಂಟು, ಸ್ಕರ್ಟು 3 ಸಾಕು. ಕಾಲ್ಚೀಲ 7 ಜೊತೆ, ಎಲ್ಲವೂ ಒಂದೇ ಬಗೆಯವು. ಒಂದು ಕಳೆದರೆ ಇನ್ನೊಂದು ವ್ಯರ್ಥವಾಗುವುದಿಲ್ಲ. ವರ್ಷಕ್ಕೆ ಬೇಕಾದ್ದನ್ನೆಲ್ಲ ಒಂದೇ ದಿನ ಕೊಳ್ಳಬೇಡಿ. ಎರಡು ಜೊತೆ ತಂದು ಒಂದು ವಾರ ತೊಡಿಸಿ, ಮಗುವಿನ ಮಾತು ಕೇಳಿ, ಆಮೇಲೆ ಉಳಿದದ್ದು.

ಹೆಸರನ್ನು ಅಳಿಸದ ಶಾಯಿಯಲ್ಲಿ ಒಳಗಿನ ಒಗೆತದ ಲೇಬಲ್ಲಿನ ಮೇಲೆ ಬರೆಯಿರಿ, ಲೇಬಲ್ ಬಿಚ್ಚಿದ್ದರೆ ಒಳಹೊಲಿಗೆಯ ಅಂಚಿನ ಮೇಲೆ. ಹೊರಗೆ ಕಾಣುವಂತೆ ಎದೆಯ ಮೇಲೆ, ಚೀಲದ ಬೆನ್ನ ಮೇಲೆ ಹೆಸರು ಬೇಡ, ಗುರುತಿಲ್ಲದವರು ಹೆಸರು ಹಿಡಿದು ಕರೆದರೆ ಸಣ್ಣ ಮಗು ಪರಿಚಯದವರೆಂದೇ ಭಾವಿಸುತ್ತದೆ. ಹೆಚ್ಚು ಕಳೆಯುವುದು ಸ್ವೆಟರ್ ಮತ್ತು ಟೋಪಿ, ಅವಕ್ಕೆ ಮೊದಲು ಬರೆಯಿರಿ.

ಮರುದಿನದ ಬಟ್ಟೆಯನ್ನು ಹಿಂದಿನ ರಾತ್ರಿಯೇ ಮಗುವಿನ ಕೈಯಲ್ಲಿ ತೆಗೆದಿಡಿಸಿ. ಆಗ ಗುಂಡಿ ಬಿದ್ದಿದ್ದರೆ ಹೊಲಿಯಲು ಹೊತ್ತಿರುತ್ತದೆ. ಶಾಲಾ ವರ್ಷದ ಪ್ರತಿ ಅವಧಿಯ (ಟರ್ಮ್) ನಡುವೆ ಒಮ್ಮೆ ಮಗು ಕುರ್ಚಿಯಲ್ಲಿ ಕೂತಿರುವಾಗ ಕಾಲಿನ ಕಡೆ ನೋಡಿ: ಪ್ಯಾಂಟಿನ ಅಂಚು ಕಾಲ್ಚೀಲದ ಮೇಲಂಚನ್ನು ದಾಟಿ ಮೇಲೆ ಹೋಗಿದ್ದರೆ, ಒಳಗೆ ಮಡಿಸಿಟ್ಟ ಆ 5 ಸೆಂ.ಮೀ.ನಲ್ಲಿ ಅರ್ಧ ಬಿಚ್ಚಿ. ಹಳೆಯ ಮಡಿಕೆಯ ಗೆರೆಯ ಮೇಲೆ ನೀರು ಬೆರೆಸಿದ ಬಿಳಿ ವಿನೆಗರ್ ಒತ್ತಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಗೆರೆ ಬಹುಮಟ್ಟಿಗೆ ಮಾಯವಾಗುತ್ತದೆ.